ಹಸಿರು ಕೊಳ ತಿಳಿಯಾಗಲು ಹದಿಮೂರು ದಿನ (ತಪ್ಪುಗಳ ಲೆಕ್ಕ ಸಮೇತ)

ಇವತ್ತು ಬೆಳಿಗ್ಗೆ ನಮ್ಮ ಮನೆಯ ಈಜುಕೊಳದ ಆಳದ ತುದಿಗೆ ಒಂದು ನಾಣ್ಯ ಎಸೆದೆ. ಮೇಲೆ ನಿಂತು ನೋಡಿದರೆ ಅದರ ಅಂಕಿ ಓದಲು ಬರುತ್ತಿದೆ. ಎರಡು ವಾರದ ಹಿಂದೆ ಪಾಚಿ ಕಟ್ಟಿ ನೀರಿನೊಳಗಿನ ಮೊದಲ ಮೆಟ್ಟಿಲೇ ಕಾಣುತ್ತಿರಲಿಲ್ಲ. ಕೆಲಸದವರನ್ನು ಕರೆಸುವಷ್ಟು ದುಡ್ಡು ಕೈಯಲ್ಲಿರಲಿಲ್ಲ, ಹಾಗಾಗಿ ನಾನೇ ಇಳಿದೆ. ನೋಟ್‌ಬುಕ್ಕಿನಲ್ಲಿ ದಿನಾ ಗೀಚಿದ್ದನ್ನು ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ. ತಪ್ಪುಗಳನ್ನು ಮುಚ್ಚಿಟ್ಟಿಲ್ಲ. ಅವುಗಳಿಗೇ ಜಾಸ್ತಿ ಖರ್ಚಾಗಿದ್ದು.

1ನೇ ದಿನ: ಅಳತೆ

ಕೊಳ 6 ಮೀಟರ್ ಉದ್ದ, 3 ಮೀಟರ್ ಅಗಲ. ಒಂದು ತುದಿಯಲ್ಲಿ 0.9 ಮೀಟರ್ ಆಳ, ಇನ್ನೊಂದರಲ್ಲಿ 1.5. ಸರಾಸರಿ 1.2. ಮೂರನ್ನೂ ಗುಣಿಸಿದರೆ 21.6 ಘನ ಮೀಟರ್, ಅಂದರೆ 21,600 ಲೀಟರ್. ಇಷ್ಟು ದಿನ ನಾನು ಕಣ್ಣಂದಾಜಿನಲ್ಲಿ 30,000 ಲೀಟರ್ ಅಂದುಕೊಂಡು ಔಷಧಿ ಸುರಿಯುತ್ತಿದ್ದೆ. ಪ್ರತಿ ಸಲ ಸುರಿದದ್ದರಲ್ಲಿ ಕಾಲು ಪಾಲಿಗಿಂತ ಹೆಚ್ಚು ವ್ಯರ್ಥ! ಟೇಪ್ ಹಿಡಿಯಲು ಹತ್ತು ನಿಮಿಷ ಸಾಕಾಗಿತ್ತು.

ಆಮೇಲೆ ಬಲೆ ಹಾಕಿ ಎಲೆ ಎತ್ತಿದೆ. ಒಂಬತ್ತು ಬಕೆಟ್ ಬಂತು. ತಳ ಕಾಣುವುದಿಲ್ಲ, ಹಾಗಾಗಿ ಕುರುಡನ ಹಾಗೆ ಎಳೆಯಬೇಕು. ಎಲೆ ಒಳಗಿದ್ದರೆ ಹಾಕಿದ ಕ್ಲೋರಿನ್ ಎಲ್ಲಾ ಅದರ ಮೇಲೇ ಖರ್ಚಾಗಿ ಹೋಗುತ್ತದೆ. ಅದಕ್ಕೇ ಒಂದು ಹನಿ ಔಷಧಿಗೂ ಮೊದಲು ಈ ಕೆಲಸ.

ಸಂಜೆ ನೀರಿನ ಪರೀಕ್ಷೆ. ನನ್ನ ಹತ್ತಿರ ಇದ್ದದ್ದು ಹಳದಿ ಬಣ್ಣ ಬರುವ ಅಗ್ಗದ ಓಟಿ ಹನಿ. ಅದು ಒಟ್ಟು ಕ್ಲೋರಿನ್ ಎಷ್ಟಿದೆ ಅಂತ ಮಾತ್ರ ಹೇಳುತ್ತದೆ. ಅದರಲ್ಲಿ ಎಷ್ಟು ಇನ್ನೂ ಕೆಲಸ ಮಾಡುವ ಸ್ಥಿತಿಯಲ್ಲಿದೆ, ಎಷ್ಟು ಆಗಲೇ ಕೊಳೆ ಜೊತೆ ಸೇರಿ ಸುಸ್ತಾಗಿದೆ ಅಂತ ಗೊತ್ತಾಗುವುದಿಲ್ಲ. ಮನಸ್ಸು ಗಟ್ಟಿ ಮಾಡಿ ಡಿಪಿಡಿ ಕಿಟ್ ತಂದೆ. ಗುಲಾಬಿ ಬಣ್ಣ ಬರುವಂಥದ್ದು, ಜೊತೆಗೆ ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ), ಆಲ್ಕಲಿನಿಟಿ (ಪಿಎಚ್ ಏರುಪೇರಾಗದಂತೆ ಹಿಡಿಯುವ ಗುಣ), ಸ್ಟೆಬಿಲೈಸರ್ (ಬಿಸಿಲಿಗೆ ಕ್ಲೋರಿನ್ ಹಾರದಂತೆ ಕಾಯುವ ರಾಸಾಯನಿಕ) ನೋಡುವ ಸೀಸೆಗಳೂ ಇದ್ದವು. ಓದಿದ್ದು ಹೀಗೆ:

ಕ್ಲೋರಿನ್ 0. ಪಿಎಚ್ 6.8. ಸ್ಟೆಬಿಲೈಸರ್ 100 ಪಿಪಿಎಂಗಿಂತ ಮೇಲೆ (ಒಂದು ಪಿಪಿಎಂ ಅಂದರೆ ಲೀಟರ್ ನೀರಿಗೆ ಒಂದು ಮಿಲಿಗ್ರಾಂ).

ಈ ಕೊನೆಯದನ್ನು ನೋಡಿ ತಲೆ ಮೇಲೆ ಕೈ ಇಟ್ಟುಕೊಂಡೆ. ಈ ಪರೀಕ್ಷೆಯಲ್ಲಿ ನೀರಿಗೆ ಪುಡಿ ಬೆರೆಸಿ, ಮಸುಕಾದ ನೀರನ್ನು ಕೊಳವೆಗೆ ಸುರಿಯುತ್ತಾ ಹೋಗಬೇಕು. ತಳದ ಕಪ್ಪು ಚುಕ್ಕೆ ಯಾವ ಗೆರೆಯಲ್ಲಿ ಮಾಯವಾಗುತ್ತದೋ ಅದೇ ಅಂಕಿ. ನನ್ನದು 100ರ ಗೆರೆ ಮುಟ್ಟುವ ಮೊದಲೇ ಮಾಯ. ಕೊಳದ ನೀರಿಗೆ ಅಷ್ಟೇ ನಲ್ಲಿ ನೀರು ಬೆರೆಸಿ ಮತ್ತೆ ನೋಡಿದೆ. 70 ಬಂತು. ಅಂದರೆ ನಿಜವಾದ ಲೆಕ್ಕ 140.

ಎಲ್ಲಿಂದ ಬಂತು ಇಷ್ಟು? ತೇಲುವ ಡಬ್ಬಿಗೆ ವಾರಕ್ಕೊಂದು ಹಾಕುತ್ತಿದ್ದ 200 ಗ್ರಾಂ ಟ್ರೈಕ್ಲೋರ್ ಬಿಲ್ಲೆಯಿಂದ. ನನ್ನ ಕೊಳದ ಗಾತ್ರಕ್ಕೆ ಒಂದು ಬಿಲ್ಲೆ ಸುಮಾರು 8 ಪಿಪಿಎಂ ಕ್ಲೋರಿನ್ ಕೊಡುತ್ತದೆ, ಅದರ ಜೊತೆಗೆ ಸುಮಾರು 5 ಪಿಪಿಎಂ ಸ್ಟೆಬಿಲೈಸರ್ ಬಿಟ್ಟು ಹೋಗುತ್ತದೆ. ಕ್ಲೋರಿನ್ ಖರ್ಚಾಗುತ್ತದೆ, ಸ್ಟೆಬಿಲೈಸರ್ ಅಲ್ಲೇ ಕೂರುತ್ತದೆ. 28 ವಾರಕ್ಕೆ 28 ಬಿಲ್ಲೆ. ಲೆಕ್ಕ ಸರಿಹೋಯಿತು ಅಲ್ವಾ?

ಸ್ಟೆಬಿಲೈಸರ್ ಬೇಡವೇ ಬೇಡ ಅಂತಲ್ಲ. ಅದಿಲ್ಲದಿದ್ದರೆ ಬಿಸಿಲಿಗೆ ಕ್ಲೋರಿನ್ ಎರಡು ಗಂಟೆಯಲ್ಲಿ ಬಹುಪಾಲು ಹಾರಿಹೋಗುತ್ತದೆ. 30ರಿಂದ 50 ಇದ್ದರೆ ಚೆನ್ನ. ಅದರ ಸುಮಾರು 7.5 ಶೇಕಡಾದಷ್ಟು ಕ್ಲೋರಿನ್ ಯಾವಾಗಲೂ ನೀರಿನಲ್ಲಿರಬೇಕು. ಪಾಚಿ ಕೊಲ್ಲಬೇಕಾದಾಗ 40 ಶೇಕಡಾ. ನನ್ನ 140ಕ್ಕೆ ಅದು 56 ಪಿಪಿಎಂ ಆಗುತ್ತದೆ. ಅಷ್ಟು ಕ್ಲೋರಿನ್ ಕೊಳ್ಳುವ ದುಡ್ಡಿನಲ್ಲಿ ನೀರನ್ನೇ ಬದಲಾಯಿಸಬಹುದು.

2ರಿಂದ 4ನೇ ದಿನ: ನೀರು ಇಳಿಸಿದ್ದು

ಸ್ಟೆಬಿಲೈಸರ್ ತೆಗೆಯಲು ಕೈಗೆಟುಕುವ ದಾರಿ ಒಂದೇ, ಹಳೇ ನೀರು ಚೆಲ್ಲಿ ಹೊಸದು ತುಂಬುವುದು. ಪೂರ್ತಿ ಖಾಲಿ ಮಾಡುವ ಆಸೆ ಬಂತು, ತಡೆದುಕೊಂಡೆ. ನೆಲದೊಳಗೆ ನೀರಿನ ಒತ್ತಡ ಇದ್ದರೆ ಖಾಲಿ ಕೊಳ ದೋಣಿಯ ಹಾಗೆ ಮೇಲಕ್ಕೇಳಬಹುದು, ತಳ ಬಿರಿಯಬಹುದು. ಮಳೆಗಾಲದಲ್ಲಿ ಈ ಕೆಲಸ ಬೇಡವೇ ಬೇಡ. ನಾನು ಎರಡು ಕಂತಿನಲ್ಲಿ ಅರ್ಧರ್ಧ ಇಳಿಸಿದೆ. 140 ಮೊದಲು 70 ಆಯಿತು, ಆಮೇಲೆ 35.

ಕೊಳದಲ್ಲಿ ಕಾಲು ಭಾಗ ಉಳಿಸಿ ಒಂದೇ ಸಲ ಇಳಿಸಿದ್ದರೂ ಇದೇ 35 ಬರುತ್ತಿತ್ತು, 16,200 ಲೀಟರ್‌ಗೆ ಮುಗಿಯುತ್ತಿತ್ತು. ಎರಡು ಕಂತಿಗೆ 21,600 ಲೀಟರ್ ಹಿಡಿಯಿತು. ಹೆದರಿಕೆಗೆ 5,400 ಲೀಟರ್ ದಂಡ. ಆದರೂ ಬೇಜಾರಿಲ್ಲ. ತಳ ಒಡೆದರೆ ಆಗುವ ಖರ್ಚು ನನ್ನಿಂದ ಭರಿಸಲು ಆಗುವುದಿಲ್ಲ.

ಪಂಪ್ ಬಳಸಲಿಲ್ಲ. ಹಿತ್ತಲು ಕೊಳಕ್ಕಿಂತ ತಗ್ಗಿನಲ್ಲಿದೆ, ಹಾಗಾಗಿ ಎರಡು ಹೋಸ್ ಪೈಪ್‌ಗೆ ನೀರು ತುಂಬಿ ಒಂದು ತುದಿಯನ್ನು ಕೆಳಗೆ ಬಿಟ್ಟರೆ ತಾನೇ ಹರಿಯುತ್ತದೆ. ಕ್ಲೋರಿನ್ ಸೊನ್ನೆ ಇದ್ದದ್ದರಿಂದ ನೀರು ಮರಗಳ ಬುಡಕ್ಕೇ ಹೋಯಿತು, ಜಾಗ ಬದಲಿಸುತ್ತಾ ಬಿಟ್ಟೆ. ಪೈಪಿನ ಕೊಳದ ಕಡೆಯ ತುದಿಗೆ ಬ್ರಷ್ ತಲೆ ಕಟ್ಟಿದ್ದರಿಂದ ತಳದ ಕೆಸರೂ ಅದರ ಜೊತೆಗೇ ಹೋಯಿತು. ಈ ಹದಿಮೂರು ದಿನದಲ್ಲಿ ನಾನು ಮಾಡಿದ ಜಾಣ ಕೆಲಸ ಇದೊಂದೇ ಅನ್ನಬೇಕು.

5ನೇ ದಿನ: ಹಳೇ ಹೈಪೋ ಮೋಸ

ಹೊಸ ನೀರು ತುಂಬಿದ ಮೇಲೆ ಪಿಎಚ್ 7.8, ಆಲ್ಕಲಿನಿಟಿ 110. ಪಿಎಚ್ ಅನ್ನು ಈಗಲೇ ಇಳಿಸಿಕೊಳ್ಳಬೇಕು. ಕ್ಲೋರಿನ್ ತುಂಬಾ ಏರಿದ ಮೇಲೆ ಪಿಎಚ್ ಹನಿಯ ಬಣ್ಣ ನೇರಳೆಗೆ ತಿರುಗಿ ತಪ್ಪು ಹೇಳುತ್ತದೆ. ಹೈಡ್ರೋಕ್ಲೋರಿಕ್ ಆಸಿಡ್ 200 ಮಿಲಿಯಂತೆ ಎರಡು ಸಲ, ನಡುವೆ ಪಂಪ್ ಓಡಿಸಿ ಹಾಕಿದೆ. 7.2ಕ್ಕೆ ಬಂತು. ಬಕೆಟ್ ನೀರಿಗೆ ಆಸಿಡ್ ಸುರಿಯಬೇಕು, ಆಸಿಡ್‌ಗೆ ನೀರಲ್ಲ. ಆಸಿಡ್ ಮುಟ್ಟಿದ ಬಕೆಟ್‌ಗೆ ಹೈಪೋ (ದ್ರವ ಕ್ಲೋರಿನ್, ಅಂದರೆ ಸೋಡಿಯಂ ಹೈಪೋಕ್ಲೋರೈಟ್) ಹಾಕಲೇಬಾರದು. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಉಸಿರುಗಟ್ಟುತ್ತದೆ. ಹಾಗಾಗಿ ನನ್ನ ಹತ್ತಿರ ಎರಡು ಬಣ್ಣದ ಬಕೆಟ್ ಇವೆ, ಕ್ಯಾನ್‌ಗಳೂ ಶೆಡ್ಡಿನ ಎರಡು ಮೂಲೆಯಲ್ಲಿವೆ.

ಇನ್ನು ಹೈಪೋ. ಶೆಡ್ಡಿನಲ್ಲಿ 20 ಲೀಟರ್‌ನ ಹಳೇ ಕ್ಯಾನ್ ಒಂದಿತ್ತು, ಮೇಲೆ 10 ಶೇಕಡಾ ಅಂತ ಬರೆದಿತ್ತು. ಆ ಲೆಕ್ಕದಲ್ಲಿ ಒಂದು ಲೀಟರ್‌ಗೆ ನನ್ನ ಕೊಳದಲ್ಲಿ 4.6 ಪಿಪಿಎಂ ಏರಬೇಕು. ಅನುಮಾನ ಬಂತು. ಕ್ಲೋರಿನ್ ಇಲ್ಲದ ನೀರು 20 ಲೀಟರ್ ಬಕೆಟ್‌ನಲ್ಲಿ ತುಂಬಿ, ಸಿರಿಂಜ್‌ನಲ್ಲಿ ಸರಿಯಾಗಿ 1 ಮಿಲಿ ಹೈಪೋ ಹಾಕಿ ಕಲಕಿದೆ. 10 ಶೇಕಡಾ ನಿಜ ಆಗಿದ್ದರೆ 5 ಪಿಪಿಎಂ ತೋರಿಸಬೇಕು. ತೋರಿಸಿದ್ದು 3. ಶೀಟಿನ ಸೂರಿನ ಕೆಳಗೆ ಬಿಸಿಲಿಗೆ ಬೆಂದು ಬೆಂದು ಅದರ ಶಕ್ತಿ 6 ಶೇಕಡಾಕ್ಕೆ ಇಳಿದಿತ್ತು. ದೊಡ್ಡ ಕ್ಯಾನ್ ತಂದರೆ ಲೀಟರ್‌ಗೆ ಅಗ್ಗ ಅಂತ ತಂದಿದ್ದೆ. ಹತ್ತರಲ್ಲಿ ನಾಲ್ಕು ಪಾಲು ಹಾರಿಹೋದ ಮೇಲೆ ಅಗ್ಗ ಎಲ್ಲಿಂದ ಬರಬೇಕು? ಈಗ 5 ಲೀಟರ್‌ನದ್ದು ತಂದು ನೆರಳಲ್ಲಿಟ್ಟು ಬೇಗ ಮುಗಿಸುತ್ತೇನೆ.

6ರಿಂದ 9ನೇ ದಿನ: ಪಾಚಿ ಜೊತೆ ಕುಸ್ತಿ

ಸ್ಟೆಬಿಲೈಸರ್ 35, ಅದರ 40 ಶೇಕಡಾ 14. ಹಾಗಾಗಿ ಕ್ಲೋರಿನ್ 14 ಪಿಪಿಎಂಗೆ ಏರಿಸಿ, ಅಲ್ಲೇ ಹಿಡಿದಿಡಬೇಕು. ಆರನೇ ದಿನ ಸೂರ್ಯ ಮುಳುಗಿದ ಮೇಲೆ ಹಳೇ ಹೈಪೋ 5 ಲೀಟರ್ ಸುರಿದು, ಪಂಪ್ ಓಡಿಸಿಟ್ಟು, ಬ್ರಷ್ ಹಿಡಿದೆ. ಬೆಳಿಗ್ಗೆ ನೋಡಿದರೆ 3 ಉಳಿದಿದೆ, ನೀರು ಹಸಿರಿನಿಂದ ಬೂದು ಹಸಿರಾಗಿದೆ. ಒಂದೇ ರಾತ್ರಿಗೆ 11 ಪಿಪಿಎಂ ನುಂಗಿದೆ ಪಾಚಿ!

ಏಳನೇ ದಿನ ಸಂಜೆ ಹೊಸ ಹೈಪೋ 3 ಲೀಟರ್ ಹಾಕಿದೆ. ಅರ್ಧ ಗಂಟೆ ಬಿಟ್ಟು ಪರೀಕ್ಷೆ ಮಾಡಿದರೆ ಬಣ್ಣವೇ ಇಲ್ಲ, ನೀರು ನೀರಾಗೇ ಇದೆ. ‘ಅಯ್ಯೋ, ಇದನ್ನೂ ನುಂಗಿಬಿಟ್ಟಿತಾ?’ ಅಂತ ಇನ್ನೂ 4 ಲೀಟರ್ ಸುರಿದೆ. ಮತ್ತೆ ಪರೀಕ್ಷೆ. ಮತ್ತೆ ಬಣ್ಣ ಇಲ್ಲ. ಐದನೇ ಲೀಟರ್‌ಗೆ ಕೈ ಹಾಕಿದ್ದೆ. ಆಗ ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತಿದ್ದ ಮಗಳು, ‘ಅಪ್ಪಾ, ಪುಡಿ ಹಾಕಿದ ಕೂಡಲೇ ಗುಲಾಬಿ ಬಂದು ಹೋಯ್ತು, ನೋಡಲಿಲ್ವಾ?’ ಅಂದಳು.

ನೋಡಿರಲಿಲ್ಲ. ಡಿಪಿಡಿಯ ಸ್ವಭಾವ ಅದು. ಕ್ಲೋರಿನ್ 10 ದಾಟಿ ಜಾಸ್ತಿ ಏರಿದರೆ ಅದು ಗುಲಾಬಿ ಬಣ್ಣವನ್ನೇ ತಿಂದು ಬಿಳಿಚಿಸಿಬಿಡುತ್ತದೆ. ಸೊನ್ನೆ ಇದ್ದರೂ ಬಣ್ಣವಿಲ್ಲ, ವಿಪರೀತ ಇದ್ದರೂ ಬಣ್ಣವಿಲ್ಲ. ಒಂದು ಪಾಲು ಕೊಳದ ನೀರಿಗೆ ಒಂಬತ್ತು ಪಾಲು ಕ್ಲೋರಿನ್ ಇಲ್ಲದ ನೀರು ಬೆರೆಸಿ ನೋಡಿದೆ. 3 ಬಂತು. ಅಂದರೆ ಕೊಳದಲ್ಲಿ 30 ಇದೆ. ಬೇಕಿದ್ದದ್ದರ ಎರಡರಷ್ಟಕ್ಕಿಂತ ಹೆಚ್ಚು. ಸ್ಕಿಮ್ಮರ್ (ತೇಲುವ ಕಸ ಎಳೆದುಕೊಳ್ಳುವ ಗೋಡೆಯ ಕಿಂಡಿ) ಬುಟ್ಟಿಗೆ ಸಣ್ಣ ಕಸ ಹಿಡಿಯಲೆಂದು ತೊಡಿಸಿದ್ದ ಹಳೇ ನೈಲಾನ್ ಕಾಲುಚೀಲ ಎರಡು ದಿನದಲ್ಲಿ ಚಿಂದಿ. ನನ್ನ ಪ್ಯಾಂಟಿನ ಮೇಲೂ ಬಿಳಿ ಚುಕ್ಕೆಗಳು. ಈ ಸಂಜೆಯ ದಡ್ಡತನಕ್ಕೆ 4 ಲೀಟರ್ ಹೈಪೋ ಹೋಯಿತು.

ಒಂದು ಲಾಭವೂ ಆಯಿತು, ಪಾಚಿ ಬೇಗ ಸತ್ತಿತು. ಆದರೆ ಅದಕ್ಕಾಗಿ ಯಾರೂ ಹೀಗೆ ಮಾಡಬೇಡಿ.

ಎಂಟು, ಒಂಬತ್ತನೇ ದಿನ ಬರೀ ಬ್ರಷ್. ಗೋಡೆ ಉಜ್ಜುವುದು ಸುಲಭ. ಪಾಚಿ ಅಡಗುವುದು ಏಣಿಯ ಕಾಲಿನ ಹಿಂದೆ, ದೀಪದ ಗೂಡಿನೊಳಗೆ, ಸ್ಕಿಮ್ಮರ್‌ನ ಬಾಗಿಲ ಹಿಂಬದಿಯಲ್ಲಿ. ವಿದ್ಯುತ್ ಪೂರ್ತಿ ಆಫ್ ಮಾಡಿ ದೀಪದ ಗೂಡಿನ ಸುತ್ತ ಹಳೇ ಹಲ್ಲುಜ್ಜುವ ಬ್ರಷ್ ಆಡಿಸಿದರೆ ಹಸಿರು ಮೋಡದ ಹಾಗೆ ಹೊರಗೆ ಬಂತು. ಅದನ್ನು ಬಿಟ್ಟಿದ್ದರೆ ಒಂದು ವಾರದಲ್ಲಿ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತಿತ್ತು. ನನ್ನದು ಪ್ಲಾಸ್ಟರ್ ಗೋಡೆ, ಹಾಗಾಗಿ ಗಟ್ಟಿ ಬ್ರಷ್ ನಡೆಯುತ್ತದೆ. ಪ್ಲಾಸ್ಟಿಕ್ ಹೊದಿಕೆಯ ಕೊಳ ಆದರೆ ಮೆತ್ತನೆಯ ನೈಲಾನ್ ಬ್ರಷ್ ಮಾತ್ರ.

ಇದೇ ಹೊತ್ತಲ್ಲಿ ಪಂಪಿನ ಜಾಲರಿ ಮುಚ್ಚಳದೊಳಗೆ ಗುಳ್ಳೆ ಏಳುತ್ತಿತ್ತು. ಎಲ್ಲೋ ಗಾಳಿ ಎಳೆಯುತ್ತಿದೆ. ಮುಚ್ಚಳದ ಸುತ್ತ ಶೇವಿಂಗ್ ನೊರೆ ಹಚ್ಚಿದೆ, ಒಂದು ಕಡೆ ನೊರೆ ಒಳಕ್ಕೆ ಸೆಳೆದುಕೊಂಡಿತು. ತೆಗೆದು ನೋಡಿದರೆ ಓ-ರಿಂಗ್ (ಮುಚ್ಚಳದ ರಬ್ಬರ್ ಬಳೆ) ಉಬ್ಬಿ ತನ್ನ ತೋಡಿನಲ್ಲಿ ಕೂರುತ್ತಿಲ್ಲ. ಕಾರಣ ನಾನೇ. ಕೆಲವು ತಿಂಗಳ ಹಿಂದೆ ಅದಕ್ಕೆ ಪೆಟ್ರೋಲಿಯಂ ಜೆಲ್ಲಿ ಸವರಿದ್ದೆ. ಕೆಲವು ರಬ್ಬರ್‌ಗಳಿಗೆ ಅದು ಆಗಿಬರುವುದಿಲ್ಲ. ಹೊಸ ಓ-ರಿಂಗ್, ಸಿಲಿಕೋನ್ ಗ್ರೀಸ್. ಹದಿನೈದು ನಿಮಿಷದ ಕೆಲಸ.

10ನೇ ದಿನ: ಪಟಿಕದ ಪಾಠ

ಪಾಚಿ ಸತ್ತಿದೆ, ನೀರು ಹಾಲು ಬೆರೆಸಿದ ಹಾಗಿದೆ. ಸತ್ತ ಪಾಚಿಯ ಧೂಳು ಎಷ್ಟು ಸಣ್ಣದೆಂದರೆ ಮರಳಿನ ಫಿಲ್ಟರ್ ಅದನ್ನು ಹಿಡಿಯಲು ದಿನಗಟ್ಟಲೆ ಬೇಕು. ದಿನಾ ಬ್ಯಾಕ್‌ವಾಶ್ (ನೀರನ್ನು ಹಿಮ್ಮುಖವಾಗಿ ಹರಿಸಿ ಫಿಲ್ಟರ್ ತೊಳೆಯುವುದು) ಮಾಡುತ್ತಾ ತಾಳ್ಮೆಯಿಂದ ಇದ್ದಿದ್ದರೆ ಸಾಕಿತ್ತು. ನನಗೆ ಆತುರ. ಘನ ಮೀಟರ್‌ಗೆ 50 ಗ್ರಾಂ ಲೆಕ್ಕದಲ್ಲಿ ಸುಮಾರು 1 ಕಿಲೋ ಪಟಿಕ ನೀರಲ್ಲಿ ಕರಗಿಸಿ ರಾತ್ರಿ ಸುತ್ತಲೂ ಚೆಲ್ಲಿದೆ. ಸ್ವಲ್ಪ ಹೊತ್ತು ಪಂಪ್ ತಿರುಗಿಸಿ ಆಫ್ ಮಾಡಿದೆ. ಬೆಳಿಗ್ಗೆ ತಳದಲ್ಲಿ ಒದ್ದೆ ಬೂದಿಯಂಥ ಪದರ, ಮೇಲೆಲ್ಲಾ ತಿಳಿ. ಮನೆಯವರನ್ನೆಲ್ಲಾ ಕರೆದು ತೋರಿಸಿದೆ.

ಆಮೇಲೆ ವ್ಯಾಕ್ಯೂಮ್ ಪೈಪ್ ಜೋಡಿಸಿ ಪಂಪ್ ಆನ್ ಮಾಡಿದೆ. ನೀರು ಯಾವ ಕಡೆ ಹೋಗಬೇಕೆಂದು ಆರಿಸುವ ಮಲ್ಟಿಪೋರ್ಟ್ ವಾಲ್ವ್ ‘ಫಿಲ್ಟರ್’ನಲ್ಲೇ ಇತ್ತು. ಫಿಲ್ಟರ್‌ಗೆ ಬಿಡದೆ ನೇರ ಹೊರಗೆ ಚೆಲ್ಲುವ ‘ವೇಸ್ಟ್’ಗೆ ತಿರುಗಿಸಬೇಕಿತ್ತು. ಆ ಬೂದಿ ಪದರ ಎಲ್ಲಾ ನೇರ ಮರಳಿಗೆ ಹೋಯಿತು. ಫಿಲ್ಟರ್‌ನ ಒತ್ತಡ ತೋರಿಸುವ ಗೇಜ್ 0.8 ಬಾರ್‌ನಿಂದ ಒಂದು ಗಂಟೆಯೊಳಗೆ 1.9ಕ್ಕೆ ಏರಿತು. ಕೊಳಕ್ಕೆ ವಾಪಸ್ ಬರುವ ನೀರು ಮತ್ತೆ ಬೆಳ್ಳಗೆ. ಮೂರು ಸಲ ಬ್ಯಾಕ್‌ವಾಶ್ ಮಾಡಬೇಕಾಯಿತು. ಒಂದೊಂದಕ್ಕೂ ಸುಮಾರು 450 ಲೀಟರ್ ನೀರು. ಪಟಿಕ ಪಿಎಚ್ಚನ್ನೂ ಆಲ್ಕಲಿನಿಟಿಯನ್ನೂ ಕೆಳಗೆ ಎಳೆದಿತ್ತು. ಅದನ್ನು ಎತ್ತಲು ಅಡುಗೆ ಸೋಡಾ 700 ಗ್ರಾಂ. ನನ್ನ ಕೊಳಕ್ಕೆ ಸುಮಾರು 360 ಗ್ರಾಂ ಸೋಡಾ ಹಾಕಿದರೆ ಆಲ್ಕಲಿನಿಟಿ 10 ಪಿಪಿಎಂ ಏರುತ್ತದೆ.

ವಾಲ್ವ್ ತಿರುಗಿಸುವ ಮೊದಲು ಪಂಪ್ ಆಫ್ ಮಾಡಲೇಬೇಕು, ಇಲ್ಲದಿದ್ದರೆ ಒಳಗಿನ ಗ್ಯಾಸ್ಕೆಟ್ ಕಿತ್ತುಹೋಗುತ್ತದೆ. ಈ ತಪ್ಪನ್ನು ಮಾತ್ರ ಈ ಸಲ ಮಾಡಲಿಲ್ಲ. ಹಿಂದೊಮ್ಮೆ ಮಾಡಿ ಕಲಿತಿದ್ದೆ.

11 ಮತ್ತು 12ನೇ ದಿನ

ಉಳಿದ ಬೂದಿ ಮತ್ತೆ ತಳ ಸೇರುವವರೆಗೆ ಕಾದೆ. ಈ ಸಲ ವಾಲ್ವ್ ‘ವೇಸ್ಟ್’ನಲ್ಲಿ. ಬ್ರಷ್ ತಲೆಯನ್ನು ಆಮೆ ನಡಿಗೆಯಲ್ಲಿ ಎಳೆಯಬೇಕು, ಒಂದಿಷ್ಟು ಜೋರಾದರೆ ಮೋಡ ಏಳುತ್ತದೆ. ಎರಡು ಗಂಟೆ ಹಿಡಿಯಿತು. ನೀರಿನ ಮಟ್ಟ 15 ಸೆಂಟಿಮೀಟರ್ ಇಳಿಯಿತು, ಅಂದರೆ 2,700 ಲೀಟರ್.

ಮತ್ತೆ ತುಂಬಿಸಿದ ಮೇಲೆ ಮಟ್ಟ ದಿನಾ ಇಳಿಯುತ್ತಿದೆ ಅನ್ನಿಸಿತು. ಸೋರುತ್ತಿದೆಯಾ? ಬಕೆಟ್‌ಗೆ ಕೊಳದ ನೀರು ತುಂಬಿ ಮೆಟ್ಟಿಲ ಮೇಲಿಟ್ಟೆ. ಬಕೆಟ್ ಒಳಗಿನ ಮಟ್ಟ, ಹೊರಗಿನ ಕೊಳದ ಮಟ್ಟ, ಎರಡಕ್ಕೂ ಗುರುತು ಹಾಕಿದೆ. 24 ಗಂಟೆ ಬಿಟ್ಟು ನೋಡಿದರೆ ಕೊಳ 7 ಮಿಲಿಮೀಟರ್ ಇಳಿದಿತ್ತು, ಬಕೆಟ್ 6. ಬರೀ ಆವಿ. 7 ಮಿಲಿಮೀಟರ್ ಅಂದರೂ ನನ್ನ ಕೊಳಕ್ಕೆ ದಿನಕ್ಕೆ 126 ಲೀಟರ್!

ಆವಿ ತಡೆಯಲು ಟಾರ್ಪಾಲ್ ಹೊದಿಸಿದೆ. ಒಂದು ಮಳೆಗೆ ನಡು ಜೋತು, ಎಲೆ ಸಮೇತ ಕೊಳದೊಳಗೆ ಮುಳುಗಿತು. ಸಡಿಲ ಹೊದಿಕೆ ಇನ್ನೊಂದು ಕಾರಣಕ್ಕೂ ಬೇಡ. ಗಟ್ಟಿ ನೆಲ ಅಂದುಕೊಂಡು ಮಗು ಕಾಲಿಟ್ಟರೆ ಕೆಳಗೆ ಸಿಕ್ಕಿಕೊಳ್ಳುತ್ತದೆ. ಈಗ ನೀರಿನ ಮೇಲೆ ತೇಲುವ ಗುಳ್ಳೆ ಹಾಳೆಯನ್ನು ಕೊಳದ ಅಳತೆಗೆ ಕತ್ತರಿಸಿ ಹಾಸಿದ್ದೇನೆ. ಬೇಲಿ ಬಾಗಿಲ ಚಿಲಕ ಯಾವಾಗಲೂ ಹಾಕಿರುತ್ತದೆ.

13ನೇ ದಿನ: ಕೊನೆಯ ಪರೀಕ್ಷೆ

ತಿಳಿಯಾಗಿ ಕಂಡ ಮಾತ್ರಕ್ಕೆ ಕೆಲಸ ಮುಗಿದಿಲ್ಲ. ಸೂರ್ಯ ಮುಳುಗಿದ ಮೇಲೆ ಕ್ಲೋರಿನ್ ಅಳೆದೆ: 8. ಮರುದಿನ ಬಿಸಿಲು ಬೀಳುವ ಮೊದಲು ಅಳೆದೆ: 7.5. ರಾತ್ರಿ ಬಿಸಿಲಿಲ್ಲ, ಹಾಗಾಗಿ 1 ಪಿಪಿಎಂಗಿಂತ ಹೆಚ್ಚು ಇಳಿದಿದ್ದರೆ ಒಳಗೆ ಇನ್ನೂ ಏನೋ ಜೀವಂತ ಇದೆ ಅಂತ ಅರ್ಥ. ನನ್ನದು ಪಾಸು. 4ಕ್ಕೆ ಇಳಿದ ಮೇಲೆ ಮಗಳು ಮೊದಲು ಧುಮುಕಿದಳು.

ಖರ್ಚು

ಒಟ್ಟು ಖರ್ಚನ್ನು 100 ಅಂದುಕೊಂಡರೆ ಹೈಪೋಗೆ 34, ನೀರಿಗೆ 22, ಟೆಸ್ಟ್ ಕಿಟ್‌ಗೆ 17, ವಿದ್ಯುತ್‌ಗೆ 12, ಬ್ರಷ್ ಮತ್ತು ಪೈಪ್‌ಗೆ 8, ಆಸಿಡ್, ಪಟಿಕ, ಸೋಡಾಕ್ಕೆ 4, ಓ-ರಿಂಗ್ ಮತ್ತು ಗ್ರೀಸ್‌ಗೆ 3. ಕಿಟ್ ತರುವಾಗ ಹೊಟ್ಟೆ ಉರಿದಿತ್ತು. ಮೊದಲೇ ತಂದಿದ್ದರೆ ಉಳಿದ ಖರ್ಚು ಬಹುತೇಕ ಬರುತ್ತಲೇ ಇರಲಿಲ್ಲ.

ಈಗಿನ ದಿನಚರಿ ಚಿಕ್ಕದು. ಸಂಜೆ ಕ್ಲೋರಿನ್ ನೋಡಿ 3 ಮತ್ತು 5ರ ನಡುವೆ ಇರುವಷ್ಟು ಹೈಪೋ. ವಾರಕ್ಕೆ ಎರಡು ಸಲ ಬ್ರಷ್. ಗೇಜ್ 1.4 ಮುಟ್ಟಿದರೆ ಮಾತ್ರ ಬ್ಯಾಕ್‌ವಾಶ್. ಮೊದಲು ಪ್ರತಿ ಭಾನುವಾರ ಸುಮ್ನೆ ಮಾಡುತ್ತಿದ್ದೆ, ನೀರು ದಂಡ. ಪಂಪ್ ಓಡುವ ಹೊತ್ತನ್ನು 10 ಗಂಟೆಯಿಂದ 5ಕ್ಕೆ ಇಳಿಸಿದೆ, ನೀರು ಹಾಗೇ ತಿಳಿಯಾಗಿದೆ. ನನ್ನ ಪಂಪ್ ಗಂಟೆಗೆ ಹೆಚ್ಚುಕಡಿಮೆ ಒಂದು ಯೂನಿಟ್ ತಿನ್ನುತ್ತದೆ. ತಿಂಗಳಿಗೆ 150 ಯೂನಿಟ್ ಉಳಿತಾಯ. ಎಣ್ಣೆ ಹೀರುತ್ತದೆ ಅಂತ ಸ್ಕಿಮ್ಮರ್‌ನಲ್ಲಿ ಟೆನಿಸ್ ಚೆಂಡು ಬಿಟ್ಟೂ ನೋಡಿದೆ. ಚೆಂಡು ಒದ್ದೆಯಾಯಿತು, ಅಷ್ಟೇ.

ಇನ್ನೂ ಬಗೆಹರಿಯದ್ದು

ಎರಡನೇ ಮೆಟ್ಟಿಲ ಮೇಲೆ ಅಂಗೈ ಅಗಲದ ನೀಲಿಗಪ್ಪು ಕಲೆ. ಹಿಂದಿನ ಸಲ ಪಾಚಿ ಬಂದಾಗ ಭಾವ, ‘ಒಂದು ಹಿಡಿ ಮೈಲುತುತ್ತ ಹಾಕಿಬಿಡಿ, ಎಲ್ಲಾ ಸತ್ತುಹೋಗುತ್ತೆ’ ಅಂದಿದ್ದರು. ಮಾತು ಸುಳ್ಳಲ್ಲ, ಪಾಚಿ ಸತ್ತಿತ್ತು. ಆದರೆ ನಾನು ಕರಗಿಸದೆ ಮೆಟ್ಟಿಲ ಮೇಲೇ ಸುರಿದಿದ್ದೆ. ಮೈಲುತುತ್ತದೊಳಗಿನ ತಾಮ್ರ ಪ್ಲಾಸ್ಟರ್‌ಗೆ ಹಿಡಿದುಬಿಟ್ಟಿದೆ. ವಿಟಮಿನ್ ಸಿ ಮಾತ್ರೆ ಉಜ್ಜಿ ನೋಡಿದೆ. ಕಬ್ಬಿಣದ ಕಲೆ ಆಗಿದ್ದರೆ ಮಾಸುತ್ತಿತ್ತು, ಇದು ಕದಲಲಿಲ್ಲ. ಕ್ಲೋರಿನ್ ಬಿಲ್ಲೆ ಉಜ್ಜಿದೆ. ಎಲೆಯ ಕಲೆ ಆಗಿದ್ದರೆ ಹೋಗುತ್ತಿತ್ತು, ಇದಕ್ಕೂ ಜಗ್ಗಲಿಲ್ಲ. ನೀರೊಳಗೆ ನಯವಾದ ಮರಳು ಕಾಗದದಿಂದ ಒಂದು ಮೂಲೆ ತಿಕ್ಕಿದ್ದೇನೆ. ಸ್ವಲ್ಪ ತೆಳುವಾಗಿದೆ, ಜೊತೆಗೆ ಪ್ಲಾಸ್ಟರೂ ಸವೆದಿದೆ. ಅಲ್ಲಿಗೆ ನಿಲ್ಲಿಸಿದ್ದೇನೆ. ಭಾವ ಬಂದಾಗಲೆಲ್ಲಾ ಆ ಮೆಟ್ಟಿಲ ಮೇಲೇ ಕಾಲು ಇಳಿಬಿಟ್ಟು ಕೂರುತ್ತಾರೆ. ಕಲೆ ಅವರ ಕಣ್ಣಿಗೆ ಇನ್ನೂ ಬಿದ್ದಿಲ್ಲ.